ಮೋಟಾರು ಕೈಗೆ ಸಿಕ್ಕಿತು, ನೀರಿನ ಲೆಕ್ಕ ಸಿಗಲಿಲ್ಲ

ಚಳ್ಳಕೆರೆ ಸೀಮೆಯ ನಮ್ಮ ಕಡೆ ಈಗ ಬೋರು ಇದ್ದವರಲ್ಲಿ ಬಹಳ ಜನ ಸ್ಟಾರ್ಟರ್ ಪೆಟ್ಟಿಗೆಗೆ ಮೊಬೈಲ್ ಸಾಧನ ಹಾಕಿಸಿದ್ದಾರೆ. ಅದರೊಳಗೆ ಒಂದು ಸಿಮ್ ಇರುತ್ತದೆ. ಫೋನ್ ಮಾಡಿದರೆ ಮೋಟಾರು ಶುರು, ಇನ್ನೊಮ್ಮೆ ಮಾಡಿದರೆ ಬಂದ್. ಕರೆಂಟು ಬಂತೋ ಹೋಯಿತೋ, ಮೂರು ಫೇಸೂ ಇದೆಯೋ, ನೀರಿಲ್ಲದೆ ಮೋಟಾರು ಬರಿದೇ ಓಡುತ್ತಿದೆಯೋ, ಎಲ್ಲ ಅದೇ ಹೇಳುತ್ತದೆ. ಕೃಷಿಮೇಳಗಳಿಗೆ ಹೋದರೆ ಇದರ ಅಣ್ಣತಮ್ಮಂದಿರೂ ಸಿಗುತ್ತಾರೆ. ಮಣ್ಣಿನ ಹಸಿ ನೋಡಿ ತಾನೇ ವಾಲ್ವು ತೆರೆಯುವ ಡ್ರಿಪ್ಪು, ಗಾಳಿ ಬಿಸಿಲು ಅಳೆಯುವ ಕಂಬ, ಎಷ್ಟು ಗೊಬ್ಬರ ನೀರಿನ ಜೊತೆ ಬಿಡಬೇಕು ಅಂತ ಮೊಬೈಲಿಗೆ ತಿಳಿಸುವ ಯಂತ್ರ. ಎಲ್ಲವನ್ನೂ ಒಟ್ಟು ಸೇರಿಸಿ ಡಿಜಿಟಲ್ ನೀರಾವರಿ ಅನ್ನುತ್ತಾರೆ.

ಇದರ ಬಗ್ಗೆ ಹೊಗಳಿ ಬರೆದದ್ದನ್ನು ಓದಿದ್ದೇನೆ. ಬೈದು ಮಾತಾಡುವವರನ್ನೂ ಕೇಳಿದ್ದೇನೆ. ನನ್ನ ಅಭಿಪ್ರಾಯ ಬೇರೆ ಇದೆ. ಇಲ್ಲಿಯವರೆಗೆ ಸಣ್ಣ ರೈತನ ಕೈಗೆ ಬಂದಿರುವುದು ನೀರು ಎತ್ತುವ ಸುಲಭ ಒಂದೇ. ಕೆಳಗೆ ಎಷ್ಟು ಉಳಿದಿದೆ ಅಂತ ತಿಳಿಯುವ ಸಾಧನ ಬಂದಿಲ್ಲ. ಬರಬೇಕಾದದ್ದು ಮೊದಲು ಅದು, ಅದೂ ಒಬ್ಬೊಬ್ಬನ ಮನೆಗಲ್ಲ, ಊರಿಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ಟರೆ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆದು ಹೋಗಬೇಕಿತ್ತು. ಹಾವು, ಕರಡಿ, ಕಂಬದ ಹತ್ತಿರ ಜೋತುಬಿದ್ದ ವೈರು, ಮಳೆಗಾಲದಲ್ಲಿ ಒದ್ದೆ ಪೆಟ್ಟಿಗೆ ಮುಟ್ಟುವ ಭಯ. ಹಾಗೆ ಹೋಗಿ ತಿರುಗಿ ಬಾರದವರು ನಮ್ಮ ಸೀಮೆಯಲ್ಲಿ ಇದ್ದಾರೆ. ಪುಣೆಯ ಸಂತೋಷ್ ಓಸ್ತ್ವಾಲ್ ಅವರು ‘ನ್ಯಾನೋ ಗಣೇಶ್’ ಅಂತ ಇಂಥದ್ದೊಂದು ಸಾಧನ ಮಾಡಿದಾಗ ರೈತನ ಈ ನಡಿಗೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಅದಕ್ಕೆ ದೊಡ್ಡ ಬಹುಮಾನ ಬಂತು. ನಂತರ ಬೇರೆ ಬೇರೆ ಕಂಪನಿಗಳ ಮಾಲು ಬಂದು ಬೆಲೆಯೂ ಇಳಿಯಿತು. ರಾತ್ರಿ ನಡಿಗೆ ತಪ್ಪಿಸಿದ ಆ ಒಂದು ಉಪಕಾರಕ್ಕೆ ನಾನು ಈ ಪೆಟ್ಟಿಗೆಗೆ ಕೈ ಮುಗಿಯುತ್ತೇನೆ.

ಇದಕ್ಕೂ ಮೊದಲು ನಮ್ಮಲ್ಲಿ ಆಟೋ ಸ್ಟಾರ್ಟರ್ ಇತ್ತು, ಈಗಲೂ ಇದೆ. ಕರೆಂಟು ಬಂದ ಕೂಡಲೆ ಮೋಟಾರು ತಾನೇ ಓಡುತ್ತದೆ. ಮಳೆ ಬಂದು ಹೊಲ ಕೆಸರಾಗಿದ್ದರೂ ಓಡುತ್ತದೆ, ಯಜಮಾನ ಮದುವೆಗೆ ಹೋಗಿದ್ದರೂ ಓಡುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪಿಗೆ 2008ರಿಂದ ಬಿಲ್ಲು ಇಲ್ಲ, ಹಾಗಾಗಿ ನಿಲ್ಲಿಸಬೇಕು ಅನ್ನುವ ಒತ್ತಾಯವೂ ಇಲ್ಲ. ಆಟೋಗೆ ಹೋಲಿಸಿದರೆ ಮೊಬೈಲ್ ಸ್ಟಾರ್ಟರ್ ಮೇಲು. ಬೇಕಾದಾಗ ನಿಲ್ಲಿಸಬಹುದು. ಆದರೆ ನಿಲ್ಲಿಸುವವನು ಎಲ್ಲಿದ್ದಾನೆ ಅನ್ನುವುದೂ ಮುಖ್ಯ.

ನಮ್ಮ ಪಕ್ಕದ ಹೊಲದ ಮೋಟಾರಿನ ನಂಬರು ಇರುವುದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಫೋನಿನಲ್ಲಿ. ಅವನು ಅಲ್ಲಿಂದಲೇ ಶುರು ಮಾಡುತ್ತಾನೆ. ಒಂದು ದಿನ ಪೈಪಿನ ಜಾಯಿಂಟು ಬಿಟ್ಟು ನೀರೆಲ್ಲ ದಾರಿಗೆ ಹರಿಯುತ್ತಿತ್ತು. ಅವನ ತಾಯಿ ಓಡಿ ಬಂದು ನನ್ನ ಫೋನು ಇಸಕೊಂಡು, “ನಿಲ್ಸಪ್ಪಾ, ನೀರು ರಸ್ತೆಗೆ ಹೋಗ್ತೈತೆ” ಅಂತ ಕೂಗಿದರು. ಅವನು ಆ ಹೊತ್ತಿಗೆ ಮೀಟಿಂಗಿನಲ್ಲಿ ಇದ್ದನಂತೆ, ಫೋನು ಎತ್ತಲಿಲ್ಲ. ಕೊನೆಗೆ ನಾನೇ ಹೋಗಿ ಪೆಟ್ಟಿಗೆಯ ಕೆಂಪು ಗುಂಡಿ ಒತ್ತಿದೆ. ಹೊಲದಲ್ಲಿ ನೀರು ಕಟ್ಟುವವರು ಹೆಂಗಸರು, ವಾಲ್ವು ತಿರುಗಿಸುವವರು ಹೆಂಗಸರು, ಮೋಟಾರಿನ ನಂಬರು ಮಾತ್ರ ಗಂಡಸರ ಫೋನಿನಲ್ಲಿ. ಒಂದಕ್ಕಿಂತ ಹೆಚ್ಚು ನಂಬರು ಸೇರಿಸುವ ಅವಕಾಶ ಬಹಳ ಸಾಧನಗಳಲ್ಲಿ ಇರುತ್ತದೆ. ಹಾಕಿಸುವ ದಿನವೇ ಮನೆಯ ಹೆಂಗಸರ ನಂಬರನ್ನೂ ಸೇರಿಸಲು ಮೆಕ್ಯಾನಿಕ್‌ಗೆ ಹೇಳಿ. ಐದು ನಿಮಿಷದ ಕೆಲಸ.

ಇನ್ನು ಈ ಪೆಟ್ಟಿಗೆ ಕೊಡುವ ಒಂದು ಸುದ್ದಿಯನ್ನು ನಾವು ಬೇಕಿಲ್ಲದ ಕಿರಿಕಿರಿ ಅಂದುಕೊಂಡಿದ್ದೇವೆ. ಡ್ರೈ ರನ್ ಅನ್ನುವುದು. ಬೋರಿನಲ್ಲಿ ನೀರು ಮೋಟಾರಿಗಿಂತ ಕೆಳಗೆ ಹೋದಾಗ ಅದು ಎಳೆಯುವ ಆಂಪಿಯರ್ ಇಳಿಯುತ್ತದೆ. ಸಾಧನ ಅದನ್ನು ಗುರುತಿಸಿ ಮೋಟಾರು ನಿಲ್ಲಿಸುತ್ತದೆ, ಫೋನಿಗೆ ಸುದ್ದಿ ಕಳಿಸುತ್ತದೆ. ನಮ್ಮವರು ಏನು ಮಾಡುತ್ತಾರೆ? ಅರ್ಧ ಗಂಟೆ ಬಿಟ್ಟು ತಾನೇ ಮತ್ತೆ ಶುರುವಾಗುವ ಹಾಗೆ ಹೊಂದಿಸಿ ಮರೆತುಬಿಡುತ್ತಾರೆ. ನನ್ನ ಪ್ರಕಾರ ಆ ಸುದ್ದಿಯೇ ಬೋರಿನ ನಾಡಿ. ಮೋಟಾರು ಶುರುವಾದ ಎಷ್ಟು ನಿಮಿಷಕ್ಕೆ ಡ್ರೈ ರನ್ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ನನ್ನ ಪುಸ್ತಕದಲ್ಲಿ ಸಂಕ್ರಾಂತಿ ಹೊತ್ತಿಗೆ ನಾಲ್ಕು ಗಂಟೆ ಓಡಿದ್ದು, ಯುಗಾದಿಗೆ ಎರಡು ಗಂಟೆ, ಬಸವ ಜಯಂತಿ ಹೊತ್ತಿಗೆ 50 ನಿಮಿಷ. ಹಸ್ತ ಚಿತ್ತೆ ಮಳೆ ಚೆನ್ನಾಗಿ ಬಂದ ವರ್ಷ ಇದೇ ಲೆಕ್ಕ ಬೇರೆ ಥರ ಇರುತ್ತದೆ. ಹೊಸದಾಗಿ ಏನೂ ಕೊಳ್ಳದೆ ಸಿಗುವ ಅಂಕಿ ಇದು. ಕಂಪನಿಯವರು ಇದನ್ನು ಮೋಟಾರು ಸುಡದಿರಲಿ ಅಂತ ಇಟ್ಟಿದ್ದಾರೆ, ನಾವು ನೀರು ನೋಡುವುದಕ್ಕೂ ಬಳಸಬಹುದು.

ಇನ್ನೊಂದು ಲೆಕ್ಕಕ್ಕೆ ಮೊಬೈಲೂ ಬೇಡ. 200 ಲೀಟರಿನ ಡ್ರಮ್ಮು, ಕೈಗಡಿಯಾರ ಸಾಕು. ನನ್ನ ಬೋರಿನ ಡೆಲಿವರಿ ಪೈಪು ಡ್ರಮ್ಮಿಗೆ ಬಿಟ್ಟರೆ ತುಂಬಲು 4 ನಿಮಿಷ ಬೇಕು. ಅಂದರೆ ನಿಮಿಷಕ್ಕೆ 50 ಲೀಟರು, ಗಂಟೆಗೆ 3,000. ದಿನಕ್ಕೆ ಏಳು ಗಂಟೆ ಕರೆಂಟು ಬಿಡದೆ ಕೊಟ್ಟರು, ಬೋರೂ ಬತ್ತದೆ ಓಡಿತು ಅಂತಲೇ ಇಟ್ಟುಕೊಳ್ಳಿ, 21,000 ಲೀಟರು. ಕೇಳಲು ದೊಡ್ಡದು. ಒಂದು ಎಕರೆ ಮೇಲೆ ಒಂದು ಮಿಲಿಮೀಟರು ನೀರು ನಿಲ್ಲಿಸಲು ಸುಮಾರು 4,050 ಲೀಟರು ಬೇಕು. ನನ್ನ ಬೋರಿನ ಇಡೀ ದಿನದ ದುಡಿಮೆ ಒಂದು ಎಕರೆಗೆ 5 ಮಿಲಿಮೀಟರ್ ಮಳೆಗೆ ಸಮ. ಕಾಲುವೆ ಬಿಟ್ಟು ಒಂದು ಎಕರೆಗೆ 50 ಮಿಲಿಮೀಟರ್ ಕಟ್ಟಿಸಲು ಹತ್ತು ದಿನ ಹಿಡಿಯುತ್ತದೆ. ಅದೇ ಎಕರೆಗೆ ವರ್ಷದಲ್ಲಿ 500 ಮಿಲಿಮೀಟರ್ ಮಳೆ ಬಿದ್ದರೆ 20 ಲಕ್ಷ ಲೀಟರಿಗೂ ಮೇಲೆ. ನನ್ನ ಬೋರು 100 ದಿನ ಉಸಿರು ಬಿಡದೆ ಎತ್ತಿದರೆ ಅಷ್ಟಾಗುತ್ತದೆ. ಸೆನ್ಸರಿಗೆ ದುಡ್ಡು ಹಾಕುವ ಮೊದಲು ಬದು ಭದ್ರ ಮಾಡಿಕೊಳ್ಳಿ ಅಂತ ನಾನು ಹೇಳುವುದು ಈ ಲೆಕ್ಕದ ಮೇಲೆ.

ಇದೇ ಲೆಕ್ಕವನ್ನು ಅಡಿಕೆಗೆ ಹಾಕಿ ನೋಡಿ. ನಮ್ಮ ಬಯಲುಸೀಮೆಗೆ ಅಡಿಕೆ ಹುಚ್ಚು ಹತ್ತಿದೆಯಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಎಕರೆಗೆ 500 ಗಿಡ, ಬೇಸಿಗೆಯಲ್ಲಿ ಡ್ರಿಪ್ಪಿನಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರು, ಒಟ್ಟು 10,000 ಲೀಟರು. ನನ್ನಂಥ ಬೋರು ಸಂಕ್ರಾಂತಿಯಲ್ಲಿ ಎರಡು ಎಕರೆ ಸಾಕೀತು. ಯುಗಾದಿ ದಾಟಿ ನೀರು ಅರ್ಧವಾದಾಗ ಒಂದೇ ಎಕರೆ. ಗಿಡ ಇಡುವುದು ಮಾತ್ರ ಮೂರು ನಾಲ್ಕು ಎಕರೆಗೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ಹುಡುಕುವ ಹೊತ್ತಿಗೆ ಯಾವ ಡಿಜಿಟಲ್ ಯಂತ್ರವೂ ಏನೂ ಮಾಡಲಾರದು. ಗುಂಡಿ ತೆಗೆಯುವ ಮೊದಲು ಡ್ರಮ್ಮು ಇಟ್ಟು ನೋಡಿದ್ದರೆ ಆಗುತ್ತಿತ್ತು.

ಡ್ರಿಪ್ಪಿನ ಮಾತು ಬಂತು. ಡ್ರಿಪ್ಪು ನೀರು ಉಳಿಸುತ್ತದೆ, ಅನುಮಾನ ಇಲ್ಲ. ಆ ಉಳಿದ ನೀರು ಎಲ್ಲಿಗೆ ಹೋಯಿತು ಅಂತ ನಮ್ಮೂರಲ್ಲಿ ಸುತ್ತಿ ನೋಡಿ. ಬೋರಿನಲ್ಲಿ ಉಳಿಯಲಿಲ್ಲ. ಮೊದಲು ಒಂದು ಎಕರೆ ನೆನೆಸುತ್ತಿದ್ದವರು ಅದೇ ನೀರಲ್ಲಿ ಎರಡೂವರೆ ಎಕರೆ ಮಾಡಿದರು. ರೈತ ಹಾಗೆ ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಸಬ್ಸಿಡಿ ಕೊಡುವವರು ಇದನ್ನು ‘ನೀರಿನ ಉಳಿತಾಯ’ ಅಂತ ಖಾತೆಗೆ ಬರೆದುಕೊಳ್ಳುತ್ತಾರಲ್ಲ, ಅದು ಸರಿಯಲ್ಲ. ತಾನೇ ತೆರೆಯುವ ವಾಲ್ವು ಬಂದರೂ ಇದೇ ಕಥೆ ಆಗುತ್ತದೆ. ಸೋಲಾರ್ ಪಂಪು ಬಂದರೆ ಕರೆಂಟಿಗೆ ಕಾಯುವುದೂ ತಪ್ಪುತ್ತದೆ, ಬಿಸಿಲಿದ್ದಷ್ಟು ಹೊತ್ತೂ ಎತ್ತಬಹುದು. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ.

ಸೆನ್ಸರ್ ಮಾರುವವರು ಹೋದ ವರ್ಷ ನಮ್ಮೂರ ಗುಡಿ ಕಟ್ಟೆ ಮೇಲೆ ಕೂತು ತೋರಿಸಿದರು. ಮಣ್ಣಿಗೆ ಕಡ್ಡಿ ಚುಚ್ಚಿದರೆ ಫೋನಿನಲ್ಲಿ ಅಂಕಿ ಬರುತ್ತದೆ. ಮೂರು ಎಕರೆಗೆ ಎಲ್ಲ ಸೇರಿ 60,000 ರೂಪಾಯಿ ಅಂದರು. ಹಿಂದೆ ಕೂತಿದ್ದ ಒಬ್ಬ ಅಜ್ಜ, “ನೀರಿಲ್ಲ ಅಂತ ಹೇಳಾಕೆ ಇಷ್ಟು ದುಡ್ಡಾ? ನಾನು ಪುಕ್ಸಟ್ಟೆ ಹೇಳ್ತೀನಿ ಬಾ” ಅಂದ. ಎಲ್ಲರೂ ನಕ್ಕರು, ಮಾರುವ ಹುಡುಗನೂ ನಕ್ಕ. ಶೇಂಗಾ, ಈರುಳ್ಳಿ ಬೆಳೆಯುವವನಿಗೆ ಅದು ನಿಜವಾಗಿ ಹೊರೆ. ಕಂಪನಿಯ ಸಿಮ್‌ಗೆ ಕರೆನ್ಸಿ ಹಾಕಬೇಕು, ನೆಟ್‌ವರ್ಕ್ ಇರಬೇಕು, ಇಲಿ ವೈರು ಕಡಿಯುತ್ತದೆ, ಒಂದು ಸಿಡಿಲು ಸಾಕು ಎಲ್ಲ ಮುಗಿಯಲು. ದಾಳಿಂಬೆಗೆ ಲಕ್ಷಗಟ್ಟಲೆ ಹಾಕಿದವರು ಯೋಚಿಸಲಿ, ಅವರ ಲೆಕ್ಕ ಬೇರೆ.

ಹಾಗಂತ ಮಣ್ಣಿನ ಹಸಿ ಅಳೆಯುವುದೇ ಬೇಡ ಅಂತಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ವಿಜ್ಞಾನಿಗಳು ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ಸಾಧನ ಮಾಡಿದ್ದಾರೆ. ಎರಡು ಕಡ್ಡಿ ಮಣ್ಣಿಗೆ ಚುಚ್ಚಬೇಕು. ನೀಲಿ ದೀಪ ಹತ್ತಿದರೆ ಹಸಿ ಬೇಕಾದಷ್ಟಿದೆ, ಹಸಿರಾದರೆ ಸಾಕಷ್ಟಿದೆ, ಕಿತ್ತಳೆ ಬಂದರೆ ನೀರು ಕೊಡಬಹುದು, ಕೆಂಪಾದರೆ ಕೂಡಲೆ ಕೊಡಬೇಕು. ಫೋನು ಬೇಡ, ಸಿಮ್ ಬೇಡ, ಓದು ಬರಹವೂ ಬೇಡ. ಒಂದನ್ನು ಹತ್ತು ಮನೆಯವರು ಸರದಿ ಮೇಲೆ ಬಳಸಬಹುದು. ಇಂಥದ್ದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಸ್ಪ್ರೇಯರ್ ಜೊತೆ ಯಾಕೆ ಇಡಬಾರದು? ಸಣ್ಣ ರೈತನಿಗೆ ತಂತ್ರಜ್ಞಾನ ಅಂದರೆ ಹೀಗಿರಬೇಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಣ ಮಾಡಿ, ಗೇಟುಗಳನ್ನು ಕಂಪ್ಯೂಟರಿನಿಂದಲೇ ಎತ್ತಿ ಇಳಿಸುವ ವ್ಯವಸ್ಥೆ ಹಾಕಿದರು. 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿಯವರು ಅದನ್ನು ಉದ್ಘಾಟಿಸಿದರು. ಕೊನೆಯ ಭಾಗದ ರೈತನಿಗೂ ನೀರು ಮುಟ್ಟಲಿ ಅನ್ನುವುದು ಉದ್ದೇಶ. ಅದು ಹೇಗೆ ನಡೆಯುತ್ತಿದೆ ಅನ್ನುವುದನ್ನು ಅಲ್ಲಿಯ ರೈತರೇ ಬರೆಯಬೇಕು. ನಾನು ನೋಡುವುದು ಅದರ ಹಿಂದಿನ ವಿಚಾರ. ಕಾಲುವೆ ಎಲ್ಲರದ್ದು, ಆದ್ದರಿಂದ ಒಟ್ಟು ಎಷ್ಟು ನೀರು ಬಂತು ಅಂತ ಮೊದಲು ಅಳೆದು, ಆಮೇಲೆ ಗೇಟು. ನಮ್ಮ ಕಾಲ ಕೆಳಗಿನ ನೀರೂ ಅಷ್ಟೇ ಎಲ್ಲರದ್ದು. ನನ್ನ ಬೋರಿಗೂ ಪಕ್ಕದವರ ಬೋರಿಗೂ ಕೆಳಗೆ ಗೋಡೆ ಇಲ್ಲ. ಅವರು 600 ಅಡಿ ಕೊರೆಸಿದ ವಾರದಲ್ಲಿ ನನ್ನ 380 ಅಡಿಯ ಬೋರು ಕೆಮ್ಮಲು ಶುರು ಮಾಡಿತು. ಇಲ್ಲಿ ಮಾತ್ರ ಒಟ್ಟು ಅಳೆಯುವವರೇ ಇಲ್ಲ. ಒಬ್ಬೊಬ್ಬನಿಗೆ ಒಂದು ಗೇಟು, ಒಂದು ಫೋನು. ನಾನು ಎಷ್ಟೇ ಜಾಣತನದ ಯಂತ್ರ ಹಾಕಿ ನೀರು ಉಳಿಸಿದರೂ ಅದು ಪಕ್ಕದ ಮೋಟಾರಿಗೆ ಹೋಗುತ್ತದೆ ಅಂತ ಗೊತ್ತಿರುವಾಗ ನಾನು ಯಾಕೆ ಉಳಿಸಲಿ? ಪಕ್ಕದವರೂ ಇದನ್ನೇ ಕೇಳುತ್ತಾರೆ.

ನಮ್ಮ ಗಡಿ ದಾಟಿದರೆ ಅನಂತಪುರ. ಅದೇ ಕೆಂಪು ಮಸಾರಿ, ಅದೇ ಶೇಂಗಾ. 2003ರ ನಂತರ ಅನಂತಪುರವೂ ಸೇರಿ ಆಗಿನ ಆಂಧ್ರದ ಏಳು ಬರದ ಜಿಲ್ಲೆಗಳ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಂದು ಕೆಲಸ ನಡೆಯಿತು. ನೆದರ್‌ಲ್ಯಾಂಡ್ಸ್ ಸರಕಾರ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವು ಇತ್ತು. ಬೋರು ಕೊರೆಸಬೇಡಿ ಅಂತ ಯಾರೂ ಹೇಳಲಿಲ್ಲ, ನೀರು ಉಳಿಸಿದ್ದಕ್ಕೆ ದುಡ್ಡೂ ಕೊಡಲಿಲ್ಲ. ರೈತರಿಗೆ ಅಳೆಯುವುದನ್ನು ಕಲಿಸಿದರು, ಗಂಡಸರು ಹೆಂಗಸರು ಇಬ್ಬರಿಗೂ. ಮಳೆ ಅಳೆದರು, ಆಯ್ದ ಬೋರುಗಳಲ್ಲಿ ನೀರಿನ ಮಟ್ಟ 15 ದಿನಕ್ಕೊಮ್ಮೆ ಅಳೆದರು, ಊರ ಗೋಡೆಯ ಮೇಲೆ ಬರೆದರು. ಮುಂಗಾರು ಮುಗಿದ ಮೇಲೆ ಸಭೆ ಸೇರಿ, ಇಷ್ಟು ನೀರು ಇದೆ, ನಾವು ಹಾಕಬೇಕೆಂದಿರುವ ಬೆಳೆಗೆ ಇಷ್ಟು ಬೇಕು ಅಂತ ಎದುರು ಬದುರು ಇಟ್ಟು ಕೂಡಿ ಕಳೆದರು. ಆಮೇಲೆ ಏನು ಬಿತ್ತಬೇಕು ಅನ್ನುವುದು ಅವರವರ ಇಷ್ಟ. ಅಂಕಿ ಕಣ್ಣೆದುರು ಇದ್ದದ್ದರಿಂದ ಭತ್ತ ಕಡಿಮೆ ಮಾಡಿ ಕಡಿಮೆ ನೀರಿನ ಬೆಳೆಗೆ ಹೋದವರು ಇದ್ದರು. ಯೋಜನೆಯ ದುಡ್ಡು ನಿಂತ ಮೇಲೆ ಎಲ್ಲ ಕಡೆಯೂ ಅಳತೆ ಮೊದಲಿನ ಹಾಗೆ ನಡೆಯಲಿಲ್ಲ. ಅದೂ ಸಹಜವೇ. 15 ದಿನಕ್ಕೊಮ್ಮೆ ಹಗ್ಗ ಬಿಡುವ ಕೆಲಸವನ್ನು ಎಷ್ಟು ವರ್ಷ ಸುಮ್ಮನೆ ಮಾಡಿಯಾರು?

ಡಿಜಿಟಲ್ ಯಂತ್ರ ಬೇಕಾಗಿದ್ದು ಇಲ್ಲಿ. ಬೋರಿನೊಳಗೆ ಇಳಿಬಿಟ್ಟರೆ ನೀರಿನ ಮಟ್ಟವನ್ನು ತಾನೇ ಅಳೆದು ಸಿಮ್ ಮೂಲಕ ಕಳಿಸುವ ಸಾಧನ ಇದೆ. ಅದಕ್ಕೆ ಬೇಸರವಿಲ್ಲ, ಭತ್ಯೆ ಬೇಡ. 2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳ ಆಯ್ದ ಪಂಚಾಯಿತಿಗಳಲ್ಲಿ ಇಂಥ ಸಾಧನ, ಮಳೆಮಾಪಕ ಹಾಕುವ ಮತ್ತು ಊರಿನ ನೀರಿನ ಬಜೆಟ್ ಮಾಡುವ ಕೆಲಸ ಸೇರಿತ್ತು. ಮಳೆಯ ವಿಷಯದಲ್ಲಂತೂ ನಮ್ಮ ರಾಜ್ಯ ಮುಂದೆ ಇದೆ. 1988ರಲ್ಲಿ ಬರ ನೋಡಿಕೊಳ್ಳಲೆಂದೇ ಹುಟ್ಟಿದ ಘಟಕ ಈಗ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅವರು ಮೊದಲು ಹೋಬಳಿಗೆ, ಆಮೇಲೆ ಪಂಚಾಯಿತಿಗೊಂದರಂತೆ ತಾನೇ ಸುದ್ದಿ ಕಳಿಸುವ ಮಳೆಮಾಪಕ ನಿಲ್ಲಿಸಿದರು. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತದೆ. ‘ವರುಣಮಿತ್ರ’ ಅಂತ ಸಹಾಯವಾಣಿಯನ್ನೂ ಮಾಡಿದರು.

ಅಂಕಿ ಬೆಂಗಳೂರಿಗೆ ಹೋಗುತ್ತದೆ, ದಿಲ್ಲಿಗೂ ಹೋಗುತ್ತದೆ. ವಾಪಸ್ ಊರಿಗೆ ಬರುವ ದಾರಿ ಮಾತ್ರ ಸಪೂರ. ಕಂಪ್ಯೂಟರಿನಲ್ಲಿ ಇದೆ, ನೋಡಿಕೊಳ್ಳಿ ಅನ್ನುತ್ತಾರೆ. ಹೊಲದಿಂದ ಬಂದು ಕೈಕಾಲು ತೊಳೆದವನು ಕಂಪ್ಯೂಟರ್ ತೆಗೆದು ನೋಡುತ್ತಾನೆಯೇ? ಪಂಚಾಯಿತಿ ಗೋಡೆ ಮೇಲೆ, ಹಾಲಿನ ಡೇರಿ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಹಾಲು ಹಾಕಲು ಬಂದವರೆಲ್ಲ ನೋಡುತ್ತಾರೆ. ಹೋದ ತಿಂಗಳು ನೀರು 160 ಅಡಿಯಲ್ಲಿತ್ತು, ಈ ತಿಂಗಳು 185. ಇಷ್ಟು ಬರೆದರೆ ಭಾಷಣ ಬೇಡ. ಈರುಳ್ಳಿ ಎರಡು ಎಕರೆಯೋ ಒಂದೋ ಅಂತ ಅವನವನೇ ಮನೆಗೆ ಹೋಗಿ ಹೆಂಡತಿ ಜೊತೆ ಕೂತು ಮಾತಾಡುತ್ತಾನೆ.

ಇಲ್ಲಿ ಒಂದು ಹೆದರಿಕೆ ಇದೆ, ಅದನ್ನು ಮುಚ್ಚಿಡಬಾರದು. ಮೀಟರ್ ಅಂದ ಕೂಡಲೆ ನಮಗೆ ಬಿಲ್ಲು ನೆನಪಾಗುತ್ತದೆ. ಇವತ್ತು ನೀರು ಅಳೆದವರು ನಾಳೆ ಕರೆಂಟಿಗೆ ದುಡ್ಡು ಕೇಳಿದರೆ? ಈ ಸಂಶಯದಿಂದಲೇ ಎಷ್ಟೋ ಕಡೆ ರೈತರು ಯಾವ ಸಾಧನವನ್ನೂ ಬೋರಿನ ಹತ್ತಿರ ಬಿಡುವುದಿಲ್ಲ. ಸಂಶಯಕ್ಕೆ ಕಾರಣವೂ ಇದೆ. ಅದಕ್ಕೇ ನಾನು ಹೇಳುವುದು, ಒಬ್ಬೊಬ್ಬರ ಮೋಟಾರಿಗೆ ಮೀಟರ್ ಬೇಡ. ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಬತ್ತದ ಹಳೆ ಬೋರು ಆರಿಸಿ, ಮೋಟಾರು ಇಲ್ಲದವನ್ನೇ ಆರಿಸಿ, ಅದರಲ್ಲಿ ಅಳೆಯಿರಿ. ಯಾರ ಹೆಸರೂ ಬರುವುದಿಲ್ಲ, ನೀರಿನ ಹೆಸರು ಮಾತ್ರ ಬರುತ್ತದೆ. ಸರಕಾರ ಯಂತ್ರ ಕೊಟ್ಟರೆ ಒಳ್ಳೆಯದು, ಕೊಡದಿದ್ದರೆ ಹಗ್ಗ ಇದೆ.

ನಾವು ಆರು ಜನ ಹೀಗೆ ಶುರು ಮಾಡಿದ್ದೇವೆ. ಎರಡು ಹಳೆ ಬೋರು ಸಿಕ್ಕಿವೆ. ಎರಡೆಳೆ ವೈರಿನ ತುದಿಗೆ ತೂಕ ಕಟ್ಟಿ, ನೀರು ತಾಗಿದರೆ ಮೇಲೆ ಗಂಟೆ ಬಾರಿಸುವ ಹಾಗೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹುಡುಗನೊಬ್ಬ ಮಾಡಿಕೊಟ್ಟ. ಹತ್ತು ಅಡಿಗೊಂದು ಬಣ್ಣದ ಟೇಪು ಸುತ್ತಿದ್ದೇವೆ. ಅಮಾವಾಸ್ಯೆ, ಹುಣ್ಣಿಮೆ ಬೆಳಿಗ್ಗೆ, ಸುತ್ತಿನ ಮೋಟಾರುಗಳು ಶುರುವಾಗುವ ಮೊದಲು ಅಳೆಯುತ್ತೇವೆ. ಮೋಟಾರು ಓಡುವಾಗ ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಮಳೆಗೆ ನೇರ ಗೋಡೆಯ ಡಬ್ಬಿ ಸಾಕು, ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಇರಬೇಕು, ಒಳಗೆ ಸ್ಕೇಲು ಇಳಿಸಿ ಓದುವುದು. ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದಕ್ಕೆ ಬಿಸಿಲು ಅನ್ನುವ ಸೀಮೆ ನಮ್ಮದು, ಪಂಚಾಯಿತಿಯ ಮಾಪಕದ ಜೊತೆ ಹೊಲದ್ದೂ ಬೇಕು. ಈ ಸಲ ಸ್ವಾತಿ ಮಳೆ ಮುಗಿದ ಮೇಲೆ ಡೇರಿ ಗೋಡೆಗೆ ಸುಣ್ಣ ಹೊಡೆದು ಅಂಕಿ ಬರೆಸುವುದು ಅಂತ ಮಾತಾಗಿದೆ.

ನಮಗೆ ಒಂದು ತೊಡಕು ಉಳಿದಿದೆ. ಮೋಟಾರು ಇಳಿಸಿರುವ ಬೋರಿನಲ್ಲಿ ವೈರು ಬಿಟ್ಟರೆ ಕೇಬಲ್ಲಿಗೂ ಪೈಪಿಗೂ ಸುತ್ತಿಕೊಂಡು ಮೇಲೆ ಬರುವುದಿಲ್ಲ. ಮೋಟಾರು ರಿಪೇರಿಗೆ ಎತ್ತಿದಾಗ ಪಕ್ಕದಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪು ಇಳಿಸಿ ಕಟ್ಟಿದರೆ ಅದರೊಳಗೆ ಸಲೀಸಾಗಿ ಹೋಗುತ್ತದೆ ಅಂತ ಕೇಳಿದ್ದೇನೆ. ನನ್ನದು ಆರೂವರೆ ಇಂಚಿನ ಕೊರೆತ, ಒಂದೂವರೆ ಇಂಚಿನ ಡೆಲಿವರಿ ಪೈಪು. ಅಷ್ಟು ಜಾಗದಲ್ಲಿ ಇಳಿಸಿದವರು ಯಾರಾದರೂ ಇದ್ದರೆ, ಎಷ್ಟು ಅಡಿಗೊಮ್ಮೆ ಕಟ್ಟಿದಿರಿ, ಜಾಯಿಂಟಿನ ಹತ್ತಿರ ಏನು ಮಾಡಿದಿರಿ ಅಂತ ಈ ಪತ್ರಿಕೆಗೆ ಬರೆಯಿರಿ.